ಅಚ್ಚು ನೋಡದೆ ಗಾಲಿ ಹಾಕ್ತೀವಾ?

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಹಳೇ ಲಾರಿಗೆ ಬೇರೆ ಇಂಜಿನ್ ಕೂರಿಸೋದು ಹೊಸದೇನಲ್ಲ. ಇಂಜಿನ್ನಿಗೆ, ಗೇರ್‌ಬಾಕ್ಸಿಗೆ ಸಾವಿರಗಟ್ಟಲೆ ಸುರೀತೀವಿ. ನಡುವಿನ ಪೈಲಟ್ ಬೇರಿಂಗ್ ಮಾತ್ರ ಯಾರೂ ಕೇಳೋದಿಲ್ಲ.

ನಾವು ಅಣ್ಣತಮ್ಮಂದಿರೂ ಕೇಳಲಿಲ್ಲ. ಕ್ಲಚ್ ಬಿಟ್ಟರೆ ಗಾಡಿ ನಡುಗೋದು, ಗೇರ್‌ಬಾಕ್ಸಿನಲ್ಲಿ ಸದ್ದು. ಬಿಚ್ಚಿಸಿದರೆ ಬೇರಿಂಗಿನ ತೂತು ದೊಡ್ಡದು, ಶಾಫ್ಟಿನ ಮೂತಿ ಸಣ್ಣದು. ಶೇಂಗಾ ಸುಗ್ಗಿಯಲ್ಲಿ ಲಾರಿ ನಾಲ್ಕು ದಿನ ನಿಂತಿತು.

ಈ ಬೇರಿಂಗ್ ಕೂರೋದು ಇಂಜಿನ್ ಕಡೆ, ಫ್ಲೈವೀಲಿನ ನಡುವೆ. ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಅದರೊಳಗೆ. ಕ್ಲಚ್ ತುಳಿದಾಗ ಇಂಜಿನ್ ತಿರುಗ್ತಾ ಇರುತ್ತೆ, ಶಾಫ್ಟ್ ನಿಲ್ಲುತ್ತೆ. ಆಗ ಶಾಫ್ಟನ್ನು ನೆಟ್ಟಗೆ ಹಿಡಿಯೋದು ಇದೇ. ಆದ್ದರಿಂದ ಹೊರಸುತ್ತು ಇಂಜಿನ್ನಿಗೆ, ಒಳತೂತು ಗೇರ್‌ಬಾಕ್ಸಿಗೆ, ಎರಡಕ್ಕೂ ಹೊಂದಬೇಕು. ಅಳತೆ ನಂಬರಿನಲ್ಲೇ ಇದೆ: 6203 ಅಂದರೆ ಒಳಗೆ 17, ಹೊರಗೆ 40, ದಪ್ಪ 12 ಮಿ.ಮೀ. ಮೂತಿ ಬೇರಿಂಗಿನೊಳಕ್ಕೆ ಪೂರಾ ಹೋಗುತ್ತದೋ ಇಲ್ಲವೋ, ಅದನ್ನೂ ನೋಡಬೇಕು.

ಬಂಡಿಗೆ ಗಾಲಿ ಹಾಕುವಾಗ ಅಚ್ಚು ನೋಡೋ ನಾವು ಇಲ್ಲಿ ಯಾಕೆ ಸುಮ್ಮನಿರಬೇಕು? ಜೋಡಿಸೋಕೆ ಮುಂಚೆ ಎದುರಿಗೇ ನಿಂತು ಅಳತೆ ಹಾಕಿಸಿ, ಹೊಸ ಬೇರಿಂಗನ್ನೇ ಹಾಕಿಸಿ. ಮೇಸ್ತ್ರಿ ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ. ಎರಡನೇ ಸಲ ಬಿಚ್ಚೋ ಕೂಲಿ ನಮ್ಮ ಕಿಸೆಯದೇ.