ಜಾರುವ ಕಾರಿಗೆ ಮೊದಲು ನೆಲ ನೋಡಿ

ಮೊದಲು ಯಲಬುರ್ಗಾ ತಾಲ್ಲೂಕಿಗೇ ಸೇರಿದ್ದು ಈಗ ಕೊಪ್ಪಳ ಜಿಲ್ಲೆಯ ಕುಕನೂರು ತಾಲ್ಲೂಕಿನಲ್ಲಿರುವ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಹಾಕಿದರು. ಸುಮಾರು 400 ಎಕರೆಯ ಯೋಜನೆ ಅದು. ಅತ್ತ ಕಿನ್ನಾಳದಲ್ಲಿ ಬಣ್ಣದ ಮರದ ಗೊಂಬೆ ಮಾಡುವ ಕೈಗಳು ತಲೆಮಾರುಗಳಿಂದ ಇವೆ. ಇಂಥ ಜಿಲ್ಲೆಯ ಹುಡುಗರು ರಿಮೋಟ್ ಕಾರನ್ನು ಓಡಿಸಿದರಷ್ಟೇ ಸಾಲದು, ಬಿಚ್ಚಿ ಹೊಂದಿಸುವುದನ್ನೂ ಕಲಿಯಬೇಕು. ಅದನ್ನು ಕಲಿಸಲು ಡ್ರಿಫ್ಟ್ ಕಾರಿಗಿಂತ ಒಳ್ಳೆಯ ಆಟಿಕೆ ನನಗೆ ಕಂಡಿಲ್ಲ.

ಡ್ರಿಫ್ಟ್ ಎಂದರೆ ತಿರುವಿನಲ್ಲಿ ಹಿಂದಿನ ಗಾಲಿಗಳನ್ನು ಬೇಕಂತಲೇ ಜಾರಿಸಿ, ಆ ಜಾರಿಕೆಯನ್ನು ಹತೋಟಿಯಲ್ಲಿಟ್ಟು ಸಾಗುವುದು. ಮಳೆ ಬಿದ್ದ ಎರೆ ನೆಲದಲ್ಲಿ ಬೈಕಿನ ಹಿಂದಿನ ಗಾಲಿ ಬಲಕ್ಕೆ ಜಾರಿದರೆ ಸವಾರ ಹ್ಯಾಂಡಲ್ಲನ್ನು ಬಲಕ್ಕೇ ತಿರುಗಿಸುತ್ತಾನಲ್ಲ, ಇಲ್ಲಿಯೂ ಅದೇ ಲೆಕ್ಕ. ಬಾಲ ಹೋದ ಕಡೆಗೇ ಮುಂದಿನ ಗಾಲಿ ತಿರುಗಬೇಕು.

ಹೊಸಬರು ಮೊದಲು ದೊಡ್ಡ ಮೋಟಾರು ಕೇಳುತ್ತಾರೆ. ಕೇಳಬೇಕಾದದ್ದು ಟೈರು ಮತ್ತು ನೆಲದ ಬಗ್ಗೆ. ಅಂಗಡಿಯ ಕಾರಿಗೆ ಮೆತ್ತನೆಯ ರಬ್ಬರ್ ಟೈರು ಇರುತ್ತದೆ, ಅದು ನೆಲ ಕಚ್ಚಿ ಹಿಡಿಯುತ್ತದೆ. ಹಾಗೆ ಹಿಡಿದಾಗ ಜೋರಾಗಿ ತಿರುಗಿಸಿದರೆ ಕಾರು ಜಾರುವ ಬದಲು ಮಗುಚುತ್ತದೆ. ಡ್ರಿಫ್ಟ್‌ಗೆ ಗಟ್ಟಿ ಪ್ಲಾಸ್ಟಿಕ್ ಟೈರು ಬೇಕು. ಕೊಳ್ಳಲು ಸಿಗದಿದ್ದರೆ ಪಿವಿಸಿ ಪೈಪಿನಿಂದಲೇ ಬಳೆ ಕತ್ತರಿಸಿ ಗಾಲಿಗೆ ತೊಡಿಸುವ ಪದ್ಧತಿ ಈ ಹವ್ಯಾಸದಲ್ಲಿ ಹಳೆಯದು. ಬೋರ್‌ವೆಲ್ ಇರುವ ಹೊಲದಲ್ಲಿ ಪೈಪಿನ ತುಂಡಿಗೆ ಬರವಿಲ್ಲ. ಗಾಲಿಯ ಸುತ್ತಳತೆ ನೋಡಿಕೊಂಡು, ನಾಲ್ಕೂ ಬಳೆಗಳನ್ನು ಒಂದೇ ಅಗಲಕ್ಕೆ ನೇರವಾಗಿ ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ. ಸಡಿಲವಾದರೆ ಒಳಗೆ ಇನ್ಸುಲೇಷನ್ ಟೇಪ್ ಸುತ್ತಿ. ಒಂದು ಬಳೆ ಓರೆಯಾಗಿದ್ದರೂ ಕಾರು ನಡುಗುತ್ತದೆ, ಆಮೇಲೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ.

ನೆಲಕ್ಕೆ ಪಾಲಿಶ್ ಗ್ರಾನೈಟ್, ಟೈಲ್ಸ್, ನುಣುಪಾದ ಸಿಮೆಂಟ್ ಎಲ್ಲವೂ ಆಗುತ್ತವೆ. ಆದರೆ ಧೂಳು ಗುಡಿಸಿರಬೇಕು. ನಮ್ಮ ಕಡೆಯ ಎರೆಮಣ್ಣಿನ ಹುಡಿ ಬೇರಿಂಗ್‌ ಒಳಗೆ ಸೇರಿದರೆ ಕಾರಿನ ಆಯಸ್ಸು ಮುಗಿದಂತೆ. ರಸ್ತೆ ಬೇಡವೇ ಬೇಡ.

ಕಾರು ಯಾವುದು? ನಾಲ್ಕೂ ಗಾಲಿ ಎಳೆಯುವ ಕಾರಿನಿಂದ ಶುರು ಮಾಡುವುದು ಸುಲಭ. ಟಮಿಯಾ ಕಂಪನಿಯ ಟಿಟಿ-02ಡಿ ಅಂಥದ್ದು, ಅಸಲು ಕಾರಿನ ಹತ್ತನೇ ಒಂದು ಅಳತೆಯದು. ಆಮದಿನ ಮಾಲು ದುಬಾರಿ: ಆಟಿಕೆಗಳ ಕಸ್ಟಮ್ಸ್ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ಹಾಗಾಗಿ ಇರುವ ಕಾರಿಗೆ ಪೈಪಿನ ಬಳೆ ತೊಡಿಸಿ ಕೈ ಪಳಗಿಸಿಕೊಳ್ಳುವುದು ಜಾಣತನ. ಹಿಂದಿನ ಗಾಲಿ ಮಾತ್ರ ಎಳೆಯುವ ಕಾರು ನೋಡಲು ಚೆಂದ, ಆದರೆ ಜೈರೋ ಇಲ್ಲದೆ ಹೊಸಬರ ಕೈಗೆ ಬಗ್ಗದು.

ಜೈರೋ ಎಂಬುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಸಾಧನ. ಕಾರು ಗಿರಕಿ ಹೊಡೆಯತೊಡಗಿದ್ದನ್ನು ಗ್ರಹಿಸಿ ಮುಂದಿನ ಗಾಲಿಯನ್ನು ತಾನೇ ತಿರುಗಿಸುತ್ತದೆ. ಕೂಡಿಸಿದ ಮೇಲೆ ಕಾರನ್ನು ಕೈಯಲ್ಲಿ ಎತ್ತಿ ಬಾಲವನ್ನು ಬಲಕ್ಕೆ ಬೀಸಿ ನೋಡಿ. ಮುಂದಿನ ಗಾಲಿಯೂ ಬಲಕ್ಕೆ ತಿರುಗಿದರೆ ಸರಿ, ಎಡಕ್ಕೆ ಹೋದರೆ ಜೈರೋದ ದಿಕ್ಕು ಬದಲಿಸಿ. ಅದರ ಜೋರು ಹೆಚ್ಚಾದರೆ ಗಾಲಿ ಗಡಗಡ ಅಲುಗುತ್ತದೆ, ಕಡಿಮೆಯಾದರೆ ಕಾರು ಸುತ್ತಿ ನಿಲ್ಲುತ್ತದೆ. ಅಲುಗುವವರೆಗೆ ಏರಿಸಿ, ತುಸು ಇಳಿಸಿ. ಇದಕ್ಕೂ ಮೊದಲು ಸ್ಟಿಯರಿಂಗ್ ನಡುಮಧ್ಯಕ್ಕೆ ಬರುತ್ತಿದೆಯೇ, ಗಾಲಿ ಪೂರ್ತಿ ತಿರುಗಿದಾಗ ಅದನ್ನು ತಿರುಗಿಸುವ ಸರ್ವೋ ಮೋಟಾರು ಗುಂಯ್‌ಗುಡದೆ ನಿಲ್ಲುತ್ತಿದೆಯೇ ಎಂದು ಪರೀಕ್ಷಿಸಿರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಸ್ಕ್ರೂ ಒಟ್ಟಿಗೆ ತಿರುವಿದರೆ ಫಲ ಯಾವುದರದ್ದೆಂದು ತಿಳಿಯುವುದೇ ಇಲ್ಲ.

ಓಡಿಸುವಾಗ ನೆಲದ ಮೇಲೆ ಒಂದು ಚೊಂಬು ಇಟ್ಟು ಅದರ ಸುತ್ತ ಒಂದೇ ದಿಕ್ಕಿಗೆ ಸುತ್ತಿ. ವೃತ್ತ ಕೆಡದಂತೆ ನಿಂತ ಮೇಲೆ ಇನ್ನೊಂದು ದಿಕ್ಕು, ಆಮೇಲೆ ಎರಡು ಚೊಂಬುಗಳ ನಡುವೆ ಎಂಟರ ಆಕಾರ. ಬೆರಳು ಥ್ರಾಟಲ್ ಮೇಲೆ ಹಗುರವಾಗಿರಲಿ.

ಬ್ಯಾಟರಿಯ ವಿಷಯದಲ್ಲಿ ಪಾಲಕರಿಗೆ ಖಡಕ್ಕಾಗಿ ಹೇಳಬೇಕು. ಎರಡು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಲೆಕ್ಕಕ್ಕೆ 7.4 ವೋಲ್ಟ್, ತುಂಬಿದಾಗ 8.4. ಸೆಲ್ಲಿಗೆ 3 ವೋಲ್ಟ್‌ಗಿಂತ ಕೆಳಗಿಳಿದರೆ ಅದು ಕೆಡುತ್ತದೆ. ತಪ್ಪಾಗಿ ಚಾರ್ಜ್ ಮಾಡಿದರೆ ಉಬ್ಬಿ ಬೆಂಕಿ ಹೊತ್ತಿಕೊಳ್ಳಬಹುದು. ಲಿಪೋಗೆಂದೇ ಇರುವ ಬ್ಯಾಲೆನ್ಸ್ ಚಾರ್ಜರ್ ಬಳಸಿ. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಾಗಲಿ ನಿಲ್ಲಿಸಿದ ಗಾಡಿಯೊಳಗಾಗಲಿ ಬ್ಯಾಟರಿ ಬಿಡಬೇಡಿ. ಚಾರ್ಜಿಗೆ ಹಾಕಿ ಮಲಗಬೇಡಿ, ಮಕ್ಕಳನ್ನಷ್ಟೇ ಬಿಟ್ಟು ಹೊರಗೂ ಹೋಗಬೇಡಿ.