ಹತ್ಯಾರಗಳ ಪರೀಕ್ಷೆ

೨೦೨೩ರ ಸೆಪ್ಟೆಂಬರದಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಬಡಿಗ, ಕಮ್ಮಾರ, ಗೊಂಬೆಗಾರರೇ ಮೊದಲಾದ ೧೮ ಕಸುಬಿನವರಿಗೆ ಹತ್ಯಾರಗಳಿಗಾಗಿ ೧೫,೦೦೦ ರೂಪಾಯಿಗಳ ವರೆಗೆ ನೆರವೀಯುತ್ತದೆ. ಮರದ ಗೊಂಬೆಗಳಿಗೆ ಹೆಸರಾದ ಗೋಕಾಕಕ್ಕೂ ನೆರೆಯ ಮೂಡಲಗಿ, ಹುಕ್ಕೇರಿಗಳಿಗೂ ಇದು ಉಪಕಾರವೇ ಸರಿ. ಆದರೆ ಪೆಟ್ಟಿಗೆಯ ಬಣ್ಣವು ಉಳಿಯ ಗುಣವನ್ನು ಹೇಳದು. ಹದ ಸಾಲದ ಉಳಿಯ ಬಾಯಿ ಮಡಚುವದು, ಮಿತಿಮೀರಿದ್ದು ಸಿಡಿಯುವದು. ಅರವನ್ನು ಎಳೆದು ನೋಡಿರಿ: ಮೆದು ಉಕ್ಕನ್ನು ಅದು ಸಲೀಸಾಗಿ ಕಚ್ಚುವದು, ಗಟ್ಟಿಗೊಂಡುದರ ಮೇಲೆ ಜಾರುವದು. ಬಾಯಿ ಸಡಿಲಾದ ಪಾನೆಯಂತೂ ನಟ್ಟಿನ ಮೂಲೆಗಳನ್ನೇ ಸವೆಸಿಬಿಡುವದು. ಇಂಥ ಹತ್ಯಾರವು ಪುಕ್ಕಟೆ ಬಂದರೂ ದುಬಾರಿಯೇ. ಸಾಣೆ ಹಿಡಿಯುವದರಲ್ಲಿಯೇ ಬಡಿಗನ ಗಳಿಕೆಯ ಹೊತ್ತು ಕಳೆಯುವದು. ಆದುದರಿಂದ ಸ್ಥಳೀಯ ಅಧಿಕಾರಿಗಳು ಮೊದಲು ಊರಿನ ಅನುಭವಿ ಬಡಿಗ-ಕಮ್ಮಾರರ ಕೈಗೆ ಮಾದರಿಗಳನ್ನು ಕೊಟ್ಟು, ಮರದ ಮೇಲೆಯೇ ಪರೀಕ್ಷೆ ಮಾಡಿಸಲಿ. ಕಾಗದಕ್ಕೆ ಸಹಿ ಅನಂತರ ಬೀಳಲಿ.