ಏದುಸಿರು ಬರುವವರು ನಡೆಯಬಾರದೇ? ಸಿಒಪಿಡಿ ಇದ್ದವರ ವ್ಯಾಯಾಮದ ಬಗ್ಗೆ ತಿಳಿಯಬೇಕಾದದ್ದು

ಮನೆಯ ಹಿರಿಯರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದರೆ ನಾವು ಹೇಳುವ ಮೊದಲ ಮಾತು, ‘ನೀವು ಸುಮ್ನೆ ಕೂತ್ಕೊಳ್ಳಿ’. ಇದು ಕಾಳಜಿಯ ಮಾತೇ. ಆದರೆ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಇರುವವರಿಗೆ ಇದರಿಂದ ತೊಂದರೆಯೇ ಹೆಚ್ಚು.

ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ, ಧೂಳು ಈ ಕಾಯಿಲೆಗೆ ಮುಖ್ಯ ಕಾರಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ಮೃತಪಟ್ಟಿದ್ದಾರೆ.

ಕೂತೇ ಇದ್ದರೆ ಏನಾಗುತ್ತದೆ?

ಕೆಲಸವಿಲ್ಲದೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಆಗ ಮೊದಲಿನಷ್ಟೇ ದೂರ ನಡೆಯಲು ಹೆಚ್ಚು ಉಸಿರು ಬೇಕಾಗುತ್ತದೆ. ಏದುಸಿರಿಗೆ ಹೆದರಿ ಅವರು ಇನ್ನಷ್ಟು ಕೂರುತ್ತಾರೆ.

ಇದನ್ನು ತಪ್ಪಿಸಲು ಇರುವ ಚಿಕಿತ್ಸೆಯೇ ಪಲ್ಮನರಿ ರಿಹ್ಯಾಬ್. 65 ಪ್ರಯೋಗಗಳ 3,822 ರೋಗಿಗಳ ಮಾಹಿತಿಯನ್ನು 2015ರ ಕಾಕ್ರೇನ್ ವಿಮರ್ಶೆ ಪರಿಶೀಲಿಸಿತು. ಏದುಸಿರು, ಆಯಾಸ ಕಡಿಮೆಯಾಗಿ, ನಡೆಯುವ ಶಕ್ತಿ ಹೆಚ್ಚಿದ್ದು ಕಂಡುಬಂತು. ಹಾಳಾದ ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ನಿಜ. ಆದರೆ ಇರುವ ಉಸಿರಿನಲ್ಲೇ ಹೆಚ್ಚು ಕೆಲಸ ಮಾಡಲು ದೇಹ ಕಲಿಯುತ್ತದೆ.

ಶುರು ಮಾಡುವುದು ಹೇಗೆ?

ಮೊದಲು ವೈದ್ಯರನ್ನು ಕಾಣಿ. ಆರು ನಿಮಿಷ ನಡೆಸಿ, ಎಷ್ಟು ದೂರ ನಡೆಯುತ್ತೀರಿ, ಆಕ್ಸಿಜನ್ ಎಷ್ಟು ಇಳಿಯುತ್ತದೆ ಎಂದು ನೋಡುತ್ತಾರೆ. ಅದರ ಮೇಲೆ ವ್ಯಾಯಾಮ ನಿಗದಿಯಾಗುತ್ತದೆ. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ದಿನ, ಕನಿಷ್ಠ ಆರರಿಂದ ಎಂಟು ವಾರ. ನಡೆಯುವಾಗ ಸ್ವಲ್ಪ ಏದುಸಿರು ಬಂದರೆ ಹೆದರಬೇಡಿ. ಚಿಕ್ಕ ಚಿಕ್ಕ ವಾಕ್ಯ ಮಾತಾಡಲು ಆಗುವಷ್ಟು ವೇಗ ಸಾಕು. ಇನ್‌ಹೇಲರ್ ಕೈಗೆಟುಕುವಂತಿರಲಿ.

ಏದುಸಿರು ಬಂದಾಗ ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ. ದೀಪ ಆರಿಸುವಂತೆ ತುಟಿ ಕೂಡಿಸಿ, ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಿ. ಇದರಿಂದ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ.

ಉಸಿರು ಬಿಗಿಹಿಡಿಯುವ ಫಾರ್ವರ್ಡ್ ನಿಜವೇ?

‘ಹತ್ತು ಸೆಕೆಂಡ್ ಉಸಿರು ಹಿಡಿದರೆ ಶ್ವಾಸಕೋಶ ಚೆನ್ನಾಗಿದೆ’ ಎಂಬ ಮೆಸೇಜ್ 2020ರಲ್ಲಿ ಕೋವಿಡ್ ಸಮಯದಲ್ಲಿ ಎಲ್ಲೆಡೆ ಹರಿದಾಡಿತ್ತು. ಅದು ಶ್ವಾಸಕೋಶದ ಪರೀಕ್ಷೆಯಲ್ಲ. ಸಿಒಪಿಡಿಯಲ್ಲಿ ಮುಖ್ಯ ಕಷ್ಟ ಗಾಳಿ ಹೊರಹೋಗದಿರುವುದು. ಹಾಗಾಗಿ ಉಸಿರು ಹಿಡಿಯುವ ಸ್ಪರ್ಧೆ ಇವರಿಗೆ ಬೇಡ.

ಎದೆನೋವು, ತಲೆಸುತ್ತು ಬಂದರೆ ಅಥವಾ ತುಟಿ ನೀಲಿಯಾದರೆ ವ್ಯಾಯಾಮ ನಿಲ್ಲಿಸಿ. ಕೂತು ಸುಧಾರಿಸಿಕೊಂಡರೂ ಏದುಸಿರು ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ, ವೈದ್ಯರು ಒಪ್ಪಿದ ಮೇಲೆ ಅವರ ಜೊತೆ ನೀವೂ ನಾಲ್ಕು ಹೆಜ್ಜೆ ನಡೆಯಿರಿ.